ಹೊಸ ಜಿಗಿಹುಳುವಿಗೆ ಹೆಸರಿಡುವುದು ಹೇಗೆ?



ಬದನೆ, ಬೆಂಡೆ ಎಲೆ ಮಗುಚಿದರೆ ಸಣ್ಣ ಹುಳವೊಂದು ಅಡ್ಡಡ್ಡ ಓಡಿ, ಟಣ್ಣನೆ ಹಾರಿಬಿಡುತ್ತದೆ. ಅದೇ ಜಿಗಿಹುಳು. ಎಲೆಯ ರಸ ಹೀರುವುದೇ ಅದರ ಜೀವನ. “ಇದು ಒಂದೇ ಜಾತಿ ಅಲ್ವಾ ಸಿಸ್ಟರ್?” ಎಂದು ಸಂಘದ ಸಭೆಯಲ್ಲಿ ಒಬ್ಬರು ಕೇಳಿದರು. ಅಲ್ಲ. ಪ್ರಪಂಚದಲ್ಲಿ ಇದುವರೆಗೆ ಹೆಸರಿಟ್ಟಿರುವ ಜಿಗಿಹುಳುಗಳೇ ಸುಮಾರು 20,000 ಜಾತಿ. ಹೆಸರಿಲ್ಲದವು ಇನ್ನೂ ಎಷ್ಟೋ ಇವೆ.

ಉಗಾಂಡ ದೇಶದ ಕಿಬಾಲೆ ಕಾಡಿನಲ್ಲಿ ಇಂಗ್ಲೆಂಡಿನ ವಿಜ್ಞಾನಿ ಆಲ್ವಿನ್ ಹೆಲ್ಡನ್ ಅವರಿಗೆ ಇಂಥದ್ದೊಂದು ಸಿಕ್ಕಿತು. ಉದ್ದ ಕೇವಲ ಆರೂವರೆ ಮಿಲಿಮೀಟರ್. ಮೈಮೇಲೆ ಲೋಹದ ಹೊಳಪು, ಸಣ್ಣ ಸಣ್ಣ ಗುಳಿಗಳು. ಇದರ ಹತ್ತಿರದ ಸಂಬಂಧಿ ಕೊನೆಯ ಸಲ ಕಂಡಿದ್ದು 1969ರಲ್ಲಿ, ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ. ಹೊಸ ಹುಳಕ್ಕೆ ಕಾಡಿನ ಹೆಸರನ್ನೇ ಸೇರಿಸಿ ‘ಫ್ಲೋಗಿಸ್ ಕಿಬಾಲೆನ್ಸಿಸ್’ ಎಂದು 2022ರಲ್ಲಿ ಪ್ರಕಟಿಸಿದರು.

ಹೆಸರಿಡುವ ಕ್ರಮ ಹೀಗಿದೆ:

1. ಹುಳ ಹಿಡಿದು ಒಣಗಿಸಿ, ಸಿಕ್ಕಿದ ಊರು, ತಾರೀಖು, ಹಿಡಿದವರ ಹೆಸರು ಬರೆದ ಚೀಟಿ ಹಚ್ಚುತ್ತಾರೆ. ಚೀಟಿ ಇಲ್ಲದ ಹುಳಕ್ಕೆ ಬೆಲೆ ಇಲ್ಲ.
2. ಹೊರಗಿನ ಬಣ್ಣ ಮೋಸ ಮಾಡುತ್ತದೆ. ಹಾಗಾಗಿ ಗಂಡು ಹುಳುವಿನ ಹೊಟ್ಟೆಯ ತುದಿಯ ಸಂತಾನ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುತ್ತಾರೆ. ಅದರ ಆಕಾರ ಜಾತಿಗೊಂದು ಥರ.
3. ಹಿಂದೆ ಹೆಸರಿಟ್ಟವುಗಳ ಜೊತೆ ಹೋಲಿಸುತ್ತಾರೆ.
4. ವಿವರ ಪ್ರಕಟಿಸಿ, ಒಂದು ಹುಳವನ್ನು ಮಾದರಿ ಎಂದು ಸಂಗ್ರಹಾಲಯದಲ್ಲಿ ಕಾಪಾಡುತ್ತಾರೆ.

ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಪ್ರೊ. ಸಿ.ಎ. ವಿರಕ್ತಮಠ ಅವರೂ ಹೀಗೆಯೇ ಅನೇಕ ಜಿಗಿಹುಳುಗಳಿಗೆ ಹೆಸರಿಟ್ಟವರು.

ಇದರಿಂದ ನಮಗೇನು ಲಾಭ? ಸದಸ್ಯೆಯೊಬ್ಬರು ಸಂಘದ ಸಾಲ ತೆಗೆದು ಬದನೆಗೆ ಮೂರು ಸಲ ಔಷಧಿ ಹೊಡೆದರು. ಗಿಡ ಸುಧಾರಿಸಲಿಲ್ಲ, ಸಾಲ ಉಳಿಯಿತು. ನಾವು ಹೋಗಿ ನೋಡಿದಾಗ ಎಲೆಗಳು ಚಿಕ್ಕದಾಗಿ ಗೊಂಚಲು ಕಟ್ಟಿದ್ದವು, ಒಂದೂ ಕಾಯಿ ಇರಲಿಲ್ಲ. ಅದು ಕಿರುಎಲೆ ರೋಗ.

ಬದನೆಗೆ ಬರುವ ಜಿಗಿಹುಳುಗಳಲ್ಲಿ ಎರಡನ್ನು ತಿಳಿದಿರಬೇಕು. ಒಂದು ಹಸಿರು ಹುಳ, ರೆಕ್ಕೆಗೊಂದು ಕಪ್ಪು ಚುಕ್ಕೆ. ಇದು ರಸ ಹೀರಿದರೆ ಎಲೆಯ ಅಂಚು ಹಳದಿಯಾಗಿ ಮುದುರಿ, ಸುಟ್ಟ ಹಾಗೆ ಆಗುತ್ತದೆ. ಆರಂಭದಲ್ಲೇ ಶೇಕಡ 5ರ ಬೇವಿನ ಬೀಜದ ಕಷಾಯ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಇನ್ನೊಂದರ ಮಡಿಚಿದ ರೆಕ್ಕೆಯ ನಡುವೆ ಕಂದು ಮಚ್ಚೆ. ಇದು ಕಿರುಎಲೆ ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ. ರೋಗ ಹಿಡಿದ ಗಿಡ ಯಾವ ಔಷಧಿಗೂ ವಾಸಿಯಾಗದು. ಕಂಡ ಕೂಡಲೇ ಕಿತ್ತು ಸುಡಬೇಕು. ಆಗ ಉಳಿದ ಗಿಡಗಳಾದರೂ ಉಳಿದಾವು.

ಹುಳ ಯಾವುದೆಂದು ತಿಳಿಯದೆ ಅಂಗಡಿಯವರು ಕೊಟ್ಟದ್ದನ್ನು ಹೊಡೆದರೆ ಹಣವೂ ಹೋಯ್ತು, ಬೆಳೆಯೂ ಹೋಯ್ತು. ಆದ್ದರಿಂದ ಔಷಧಿಗೆ ಸಾಲ ಕೇಳುವ ಮೊದಲು ರೋಗದ ಎಲೆ ಮತ್ತು ಹುಳವನ್ನು ಡಬ್ಬಿಯಲ್ಲಿ ಹಾಕಿ, ಊರು, ತಾರೀಖು, ಬೆಳೆ ಬರೆದು ಚೀಟಿ ಅಂಟಿಸಿ ಸಭೆಗೆ ತನ್ನಿ. ಎಲ್ಲರೂ ಸೇರಿ ನೋಡೋಣ, ಗೊತ್ತಾಗದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯೋಣ.