ಪಂಚರ್ ಹಾಕಿಸೋದಾ, ಟೈರೇ ಬದಲಿಸೋದಾ?

ಹೆಬ್ಬಾಳದ ಮೇಲ್ಸೇತುವೆ ಇಳಿದು ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ದಾಟಿದರೆ ಅಲ್ಲಾಳಸಂದ್ರ. ಒಂದಲ್ಲ ಒಂದು ಕಟ್ಟಡ ಏಳುತ್ತಲೇ ಇರುವ ಇಂಥ ಕಡೆ ರಸ್ತೆಬದಿಯ ಮಣ್ಣಿನಲ್ಲಿ ಸೆಂಟ್ರಿಂಗ್ ಮೊಳೆಗೆ, ತಗಡಿನ ಚೂರಿಗೆ ಬರವಿಲ್ಲ. ಬೈಕಿನಲ್ಲಿ ಮೊಳೆ ಹೆಚ್ಚಾಗಿ ಚುಚ್ಚುವುದು ಹಿಂದಿನ ಚಕ್ರಕ್ಕೆ. ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಚಿಮ್ಮಿಸಿ ಎಬ್ಬಿಸುತ್ತದೆ. ಅದು ಮತ್ತೆ ನೆಲ ಕಾಣುವಷ್ಟರಲ್ಲಿ ಹಿಂದಿನ ಚಕ್ರ ಅದರ ಮೇಲಿರುತ್ತದೆ. ಭಾರವೂ ಅಲ್ಲೇ ಜಾಸ್ತಿ. (ಮೊಳೆಗಳೆಲ್ಲ ತಾವಾಗಿ ಬಿದ್ದವಲ್ಲ ಎಂಬ ಗುಮಾನಿಯೂ ಬೆಂಗಳೂರಿನಲ್ಲಿ ಹಳೆಯದು. ಸುಮಾರು ಹತ್ತು ವರ್ಷದ ಹಿಂದೆ ಹೊರವರ್ತುಲ ರಸ್ತೆಯಲ್ಲಿ ಎಂಜಿನಿಯರೊಬ್ಬರು ಕಿಲೋಗಟ್ಟಲೆ ಮೊಳೆ ಆರಿಸಿ ಸುದ್ದಿಯಾಗಿದ್ದರು.)

ಟ್ಯೂಬ್‌ಲೆಸ್ ಟೈರಾದರೆ ಪಂಚರ್ ಅಂಗಡಿಯಲ್ಲಿ ಐದೇ ನಿಮಿಷದ ಕೆಲಸ. ಸೋಪುನೀರು ಬಳಿದು ಗುಳ್ಳೆ ಏಳುವ ಜಾಗ ಹುಡುಕುತ್ತಾರೆ. ಮೊಳೆ ಕಿತ್ತು, ಅರದಂತೆ ಒರಟಾದ ಸಲಾಕೆಯನ್ನು ತೂತಿಗೆ ತೂರಿಸಿ ಹಿಂದೆಮುಂದೆ ಉಜ್ಜುತ್ತಾರೆ. ಅಂಟಂಟಾದ ಕಂದು ಬತ್ತಿಯನ್ನು ದಬ್ಬಳದ ಕಣ್ಣಿಗೆ ಪೋಣಿಸಿ, ಸೊಲ್ಯೂಷನ್ ಹಚ್ಚಿ ಒಳಕ್ಕೆ ತಳ್ಳಿ ಫಟ್ಟನೆ ಎಳೆದರೆ ದಬ್ಬಳ ಹೊರಬರುತ್ತದೆ, ಬತ್ತಿಯ ಮಡಿಕೆ ಒಳಗೇ ಕಚ್ಚಿಕೊಳ್ಳುತ್ತದೆ. ಹೊರಗೆ ಉಳಿದ ಬಾಲವನ್ನು ಬ್ಲೇಡಿನಲ್ಲಿ ಕತ್ತರಿಸುತ್ತಾರೆ. ಚೊಕ್ಕ ಕೆಲಸವೇ. ಆದರೆ ಟೈರಿನ ಒಳಗೆ ಏನಾಗಿದೆ ಎಂದು ಇದರಲ್ಲಿ ಯಾರೂ ನೋಡಿರುವುದಿಲ್ಲ.

ನೋಡಬೇಕಾದದ್ದು ಅದನ್ನೇ. ಟೈರಿಗೆ ಬಲ ಕೊಡುವುದು ರಬ್ಬರ್ ಅಲ್ಲ, ಅದರೊಳಗೆ ಹೆಣೆದ ನೈಲಾನ್ ದಾರಗಳು. ರಸ್ತೆಗೆ ತಾಗುವ ನಡುಭಾಗದಲ್ಲಿ ರಬ್ಬರ್ ದಪ್ಪ, ಬಾಗುವಿಕೆ ಕಡಿಮೆ. ಅಲ್ಲಿ ಬತ್ತಿ ನಿಲ್ಲುತ್ತದೆ. ಪಕ್ಕದ ಗೋಡೆ ತೆಳ್ಳಗಿದ್ದು ಪ್ರತಿ ಸುತ್ತಿಗೂ ಬಾಗಿ ಏಳುತ್ತದೆ. ಅಲ್ಲಿ ತೂತು ಎಷ್ಟೇ ಸಣ್ಣದಿರಲಿ, ತೇಪೆಯ ಮಾತೇ ಬೇಡ. ಕಾರಿಗಿಲ್ಲದ ಒಂದು ಪೇಚು ಬೈಕಿಗಿದೆ: ತಿರುವಿನಲ್ಲಿ ಬೈಕು ವಾಲುತ್ತದೆ, ಆಗ ಟೈರಿನ ಅಂಚೇ ನೆಲಕ್ಕೆ ತಾಗುತ್ತದೆ. ಹಾಗಾಗಿ ಅಂಚಿನ ತೂತನ್ನೂ ನಂಬುವಂತಿಲ್ಲ. ನಡುವಿನಲ್ಲೇ ಇದ್ದರೂ 6 ಮಿ.ಮೀ. ದಾಟಿದ ತೂತು, ಮೊಳೆಯ ಬದಲು ತಗಡು ಸೀಳಿದ ಗಾಯ, ಇವೂ ಅಷ್ಟೇ.

ಇದಕ್ಕಿಂತ ಮೋಸದ್ದು ಗಾಳಿ ಇಲ್ಲದೆ ಓಡಿಸಿದ ಟೈರು. ಲೆಕ್ಕ ಸುಲಭ. ಹಿಂದಿನ ಚಕ್ರದ ಮೇಲೆ 120 ಕೆ.ಜಿ. ಭಾರ ಇದೆ ಎನ್ನಿ. 33 ಪಿಎಸ್ಐ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕೆ.ಜಿ. ಒತ್ತಡ. ಅಂದರೆ ಅಷ್ಟು ಭಾರ ಹೊರಲು 52 ಚದರ ಸೆಂ.ಮೀ. ಜಾಗ ನೆಲಕ್ಕೆ ತಾಗಬೇಕು. ಎಟಿಎಂ ಕಾರ್ಡಿಗಿಂತ ತುಸು ದೊಡ್ಡದು, ಅಷ್ಟೇ. ಒತ್ತಡ ಅರ್ಧಕ್ಕಿಳಿದರೆ ಈ ಜಾಗ ಹೆಚ್ಚುಕಡಿಮೆ ಎರಡರಷ್ಟಾಗಬೇಕು, ಅದಕ್ಕೆ ಪಕ್ಕದ ಗೋಡೆ ಕುಸಿದು ಉಬ್ಬಬೇಕು. 17 ಇಂಚಿನ ಚಕ್ರ ಕಿಲೋಮೀಟರಿಗೆ ಸುಮಾರು 500 ಸುತ್ತು ಹಾಕುತ್ತದೆ. ತಳ್ಳಲಾರದೆ ಅಂಗಡಿವರೆಗೆ ಎರಡು ಕಿಲೋಮೀಟರ್ ಓಡಿಸಿಕೊಂಡು ಬಂದಿರೋ, ಗೋಡೆ ರಿಮ್ಮಿಗೂ ರಸ್ತೆಗೂ ನಡುವೆ ಸಾವಿರ ಸಲ ಅರೆದಿರುತ್ತದೆ. ಆ ಬಿಸಿಗೆ ರಬ್ಬರ್ ದಾರ ಬಿಟ್ಟು ಸುಲಿಯತೊಡಗುತ್ತದೆ. ಹೊರಗಿನಿಂದ ಏನೂ ಕಾಣದು. ಬಿಚ್ಚಿದರೆ ಒಳಗೆ ಕಪ್ಪು ರಬ್ಬರ್ ಪುಡಿ, ಗೋಡೆಯುದ್ದಕ್ಕೂ ಉಜ್ಜಿದ ಬಳೆಯಂಥ ಗುರುತು. ಅಂಥ ಟೈರಿಗೆ ಬತ್ತಿ ಹಾಕಿಸಿ ವಿಮಾನ ನಿಲ್ದಾಣದ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವುದು ಹುಚ್ಚು ಧೈರ್ಯ.

ಆದ್ದರಿಂದ “ಏನಾಗಲ್ಲ ಸಾರ್, ಓಡ್ಸಿ” ಎಂಬ ಮಾತಿಗೆ ಅಂದು ಮನೆಗೆ ಮುಟ್ಟುವಷ್ಟು ಬೆಲೆ ಕೊಡಿ. ಆಮೇಲೆ “ಅಣ್ಣಾ, ಬಿಚ್ಚಿ ನೋಡಿ” ಎನ್ನಿ. ಒಳಗೆ ಚೆನ್ನಾಗಿದ್ದರೆ ಒಳಗಿನಿಂದಲೇ ಅಣಬೆಯಾಕಾರದ ಪ್ಯಾಚ್ ಹಾಕಿಸಬಹುದು. ಅದು ತೂತನ್ನೂ ತುಂಬುತ್ತದೆ, ಗಾಳಿ ಹಿಡಿದಿಡುವ ಬ್ಯುಟೈಲ್ ರಬ್ಬರಿನ ಒಳಪದರವನ್ನೂ ಮುಚ್ಚುತ್ತದೆ. ಕಡ್ಡಿ ಚಕ್ರದ ಟ್ಯೂಬ್ ಟೈರಿನಲ್ಲಿ ಪ್ಯಾಚ್ ಬೀಳುವುದು ಟ್ಯೂಬಿಗೆ. ಆಗಲೂ ಟೈರಿನ ಒಳಗೊಮ್ಮೆ ಹುಷಾರಾಗಿ ಕೈಯಾಡಿಸಿ. ಮುರಿದ ಮೊಳೆಯ ತುದಿ ಅಲ್ಲೇ ಇದ್ದರೆ ನಾಳೆ ಮತ್ತೆ ಪಂಚರ್.

ಹೇಗೂ ಬಿಚ್ಚಿಸಿದ್ದೀರಿ, ಟೈರಿನ ವಯಸ್ಸನ್ನೂ ನೋಡಿಬಿಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ದ್ವಿಚಕ್ರ ವಾಹನದ ಟೈರಿನ ತೋಡಿನ ಆಳ 0.8 ಮಿ.ಮೀ.ಗಿಂತ ಕಮ್ಮಿ ಇರಬಾರದು ಎಂಬುದು ನಿಯಮ. ಅದರ ಹತ್ತಿರ ಬಂದ ಟೈರಿಗೆ ತೇಪೆಯ ದುಡ್ಡೂ ದಂಡ.

ಮುಂದಿನ ಟೈರಿಗೆ ಮಾತ್ರ ನಾನು ಇಷ್ಟು ಚೌಕಾಸಿ ಮಾಡುವುದಿಲ್ಲ. ಹಿಂದಿನದು ಗಾಳಿ ಬಿಟ್ಟರೆ ಬೈಕು ಸೊಂಟ ತಿರುಗಿಸುತ್ತದೆ, ಹೇಗೋ ನಿಲ್ಲಿಸಬಹುದು. ಮುಂದಿನದು ಬಿಟ್ಟರೆ ಹ್ಯಾಂಡಲ್ಲೇ ಕೈಗೆ ಸಿಗುವುದಿಲ್ಲ. ಅಲ್ಲಿ ಅನುಮಾನ ಬಂತೆಂದರೆ ಹೊಸದೇ.