ನಿಮಗಿದು ಗೊತ್ತೆ? ಶೌಚಾಲಯದ ಕಲೆಗೆ ನೀರೇ ಕಾರಣ!

ದಾವಣಗೆರೆ ಜಿಲ್ಲೆಯ ಬರಪೀಡಿತ ತಾಲ್ಲೂಕು ಜಗಳೂರಿನ ಹಳ್ಳಿಗಳಿಗೆ ಬಹುಕಾಲದಿಂದ ಕೊಳವೆಬಾವಿಯೇ ಆಸರೆ. ಆಳದಿಂದ ಬರುವ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಆರಿದಂತೆಲ್ಲ ಇವು ಶೌಚಾಲಯದ ಬೇಸಿನ್ನಿಗೆ ಬಿಳಿ, ಹಳದಿ ಪದರವಾಗಿ ಅಂಟಿಕೊಳ್ಳುತ್ತವೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕಲೆ ಕೆಂಗಂದು.

ಸೋಪಿಗೆ ಜಗ್ಗದ ಈ ಪದರ ಆಮ್ಲಕ್ಕೆ ಕರಗುತ್ತದೆ.

ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಿಟ್ರಿಕ್ ಆಮ್ಲವೇ. ಕಬ್ಬಿಣದ ಕಲೆಗೂ ಅದು ಒಳ್ಳೆಯದು. ಮೊದಲು ಬೇಸಿನ್ನಿನ ನೀರು ತಗ್ಗಿಸಿ, ವಿನೆಗರ್‌ನಲ್ಲಿ ಅದ್ದಿದ ಹಳೆ ಬಟ್ಟೆಯನ್ನು ಕಲೆಯ ಮೇಲೆ ಹೊದಿಸಿ. ಸಣ್ಣ ಗುಳ್ಳೆಗಳೆದ್ದರೆ ಸುಣ್ಣದ ಪದರ ಕರಗುತ್ತಿದೆ ಎಂದರ್ಥ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್‌ನಿಂದ ಉಜ್ಜಿ.

ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿದರೆ ನೊರೆಯೇನೋ ಜೋರು. ಆದರೆ ಎರಡೂ ಪರಸ್ಪರ ಶಕ್ತಿಗುಂದಿಸುತ್ತವೆ. ಸೋಡಾವನ್ನು ಬೇರೆಯಾಗಿ, ಉಜ್ಜುವ ಪುಡಿಯಾಗಿ ಬಳಸಿ.

ಎಚ್ಚರ: ವಿನೆಗರ್, ನಿಂಬೆ, ಆ್ಯಸಿಡ್ ಯಾವುದನ್ನೂ ಬ್ಲೀಚಿಂಗ್ ಪುಡಿಯೊಂದಿಗೆ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.