ನಗರಯೋಜನೆಯ ವ್ಯಾಸಂಗ: ರೂಢಿಯ ನಂಬಿಕೆಯೂ ವಸ್ತುಸ್ಥಿತಿಯೂ

ಪಿ.ಯು.ಸಿ. ಮುಗಿಸಿದ ಹುಡುಗನೋ ಹುಡುಗಿಯೋ ತಾನು ನಗರಯೋಜನೆಯನ್ನು ಓದುವೆನೆಂದರೆ, ‘ಮನೆಯ ಪ್ಲಾನ್ ಹಾಕಿಕೊಡುವ ಕೆಲಸವಲ್ಲವೇ? ಅದಕ್ಕೆ ನಾಲ್ಕು ವರ್ಷದ ಓದೇಕೆ?’ ಎಂದು ಹಿರಿಯರು ಕೇಳುವುದುಂಟು. ಒಂದು ನಿವೇಶನದೊಳಗೆ ಗೋಡೆ ಬಾಗಿಲುಗಳು ಎಲ್ಲಿರಬೇಕೆಂದು ನಿರ್ಣಯಿಸುವುದು ವಾಸ್ತುಶಿಲ್ಪಿಯ ಕಾರ್ಯ. ಆದರೆ ಆ ನಿವೇಶನ ಅಲ್ಲಿ ಇರತಕ್ಕದ್ದೇ, ಅದರ ಮೇಲೆ ಬಿದ್ದ ಮಳೆನೀರು ಯಾವ ಕೆರೆಯನ್ನು ಸೇರಬೇಕು, ಅಲ್ಲಿನ ಮಕ್ಕಳು ಶಾಲೆಗೆ ಎಷ್ಟು ದೂರ ನಡೆಯಬೇಕು, ಇಪ್ಪತ್ತು ವರ್ಷಗಳ ತರುವಾಯ ಆ ಪ್ರದೇಶದ ಜನಕ್ಕೆ ಕುಡಿಯುವ ನೀರು ಎಲ್ಲಿಂದ ಬರಬೇಕು ಎಂಬಿವೇ ಮೊದಲಾದ ಪ್ರಶ್ನೆಗಳು ಯೋಜಕರಿಗೆ ಸೇರಿದವು. ನಗರವನ್ನು ಅಲಂಕರಿಸುವ ವಿದ್ಯೆಯೆಂದು ಇದನ್ನು ಎಣಿಸುವುದೂ ತಪ್ಪು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೆ 1898ರ ಪ್ಲೇಗು ಮುಖ್ಯ ಪ್ರೇರಣೆಯಾಯಿತು. ಗಾಳಿ ಬೆಳಕುಗಳಿಲ್ಲದ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತಂದು ಬದುಕಿಸುವುದೇ ಅಂದಿನ ಯೋಚನೆಯಾಗಿತ್ತು.

ಚಿತ್ರ ಬರೆಯುವ ಕೈಚಳಕವಿಲ್ಲದವರಿಗೆ, ವಿಜ್ಞಾನವನ್ನೋದದವರಿಗೆ ಇದು ನಿಲುಕದೆಂಬ ಭಾವನೆ ಬಹಳ ಬಲವಾಗಿ ಬೇರೂರಿದೆ. ದೆಹಲಿ, ಭೋಪಾಲ, ವಿಜಯವಾಡಗಳ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಲ್ಲಿ ಯೋಜನಾ ಪದವಿಯಾದ ಬಿ.ಪ್ಲಾನ್‌ನ ಪ್ರವೇಶಕ್ಕೆ ಬರೆಯಬೇಕಾದ ಜೆ.ಇ.ಇ. ಮೈನ್‌ನ ಪತ್ರಿಕೆ 2ಬಿಯಲ್ಲಿ ಗಣಿತ, ಸಾಮಾನ್ಯ ಸಾಮರ್ಥ್ಯ, ಯೋಜನಾ ಸಂಬಂಧವಾದ ಪ್ರಶ್ನೆಗಳಿರುವುವೇ ಹೊರತು ಚಿತ್ರರಚನೆಯ ಪರೀಕ್ಷೆಯಿಲ್ಲ. ಅದಿರುವುದು ವಾಸ್ತುಶಿಲ್ಪದ ಪತ್ರಿಕೆಯಲ್ಲಿ. ಗಣಿತವನ್ನು ಓದಿರಬೇಕೆಂಬುದು ಮಾತ್ರ ನಿಜ. ಸ್ನಾತಕೋತ್ತರ ಹಂತದಲ್ಲಿಯಾದರೋ ಸಿವಿಲ್ ಎಂಜಿನಿಯರರೊಡನೆ ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಪದವೀಧರರಿಗೂ ಎಷ್ಟೋ ಕಡೆ ಬಾಗಿಲು ತೆರೆದಿದೆ.

ಈ ಶಾಸ್ತ್ರಕ್ಕೆ ಭಾರತದಲ್ಲಿ ಅಡಿಪಾಯ ಹಾಕಿದವರಲ್ಲಿ ಅಗ್ರಗಣ್ಯನಾದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಎಂಜಿನಿಯರನೂ ಅಲ್ಲ, ವಾಸ್ತುಶಿಲ್ಪಿಯೂ ಅಲ್ಲ, ಸಸ್ಯಶಾಸ್ತ್ರದ ಅಧ್ಯಾಪಕ. 1914ರಲ್ಲಿ ಇಲ್ಲಿಗೆ ಬಂದ ಆತನು ಊರೂರುಗಳ ಗಲ್ಲಿಗಳನ್ನು ಕಾಲ್ನಡಿಗೆಯಿಂದ ಸುತ್ತಿ, ತಂಜಾವೂರಿನ ಇಕ್ಕಟ್ಟಾದ ಕೇರಿಯ ಮೇಲೆ ನೇರವಾದ ರಸ್ತೆಗಳನ್ನು ಎಳೆದು ಮನೆಗಳನ್ನು ಕೆಡಹುವುದಕ್ಕಿಂತ, ಬಿದ್ದುಹೋಗುತ್ತಿದ್ದ ಕೆಲವನ್ನಷ್ಟೇ ತೆಗೆದು ಆ ಬಯಲಿನಲ್ಲಿ ಮರಗಳನ್ನು ನೆಡುವುದೇ ಮೇಲೆಂದು ತೋರಿಸಿಕೊಟ್ಟನು. 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯ ಅವನನ್ನು ಸಮಾಜಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ನೇಮಿಸಿಕೊಂಡಿತೆಂಬುದನ್ನು ಈ ವಿದ್ಯೆಯ ಸ್ವರೂಪವನ್ನು ತಿಳಿಯಬಯಸುವವರು ಗಮನಿಸಬೇಕು.

ವ್ಯಾಸಂಗದ ಜೀವಾಳ ‘ಸ್ಟುಡಿಯೊ’ ಎಂದು ಕರೆಯಲ್ಪಡುವ ಪ್ರಾಯೋಗಿಕ ಅಭ್ಯಾಸ. ಒಂದು ಸೆಮಿಸ್ಟರಿನುದ್ದಕ್ಕೂ ಒಂದೇ ಊರನ್ನು ಹಿಡಿದು ವಿದ್ಯಾರ್ಥಿಗಳು ಹಳೆಯ ಗ್ರಾಮನಕಾಶೆಯನ್ನು ಉಪಗ್ರಹದ ಚಿತ್ರದ ಮೇಲೆ ಕಂಪ್ಯೂಟರಿನಲ್ಲಿ ಹೊಂದಿಸಿ ನೋಡುತ್ತಾರೆ. ನಕಾಶೆಯಲ್ಲಿ ಎರಡು ಸರ್ವೆ ನಂಬರುಗಳ ನಡುವೆ ಹರಿದು ಕೆರೆ ಸೇರುವ ಹಳ್ಳವು ಚಿತ್ರದಲ್ಲಿ ಮನೆಗಳ ಸಾಲಿನಡಿಯಲ್ಲಿ ಮಾಯವಾಗಿರುತ್ತದೆ. ಆಗ ಅಲ್ಲಿಗೇ ಹೋಗಿ, ಕೊನೆಯ ಮನೆಯ ಅಜ್ಜಿಯನ್ನು ‘ಹೋದ ಮಳೆಗಾಲದಲ್ಲಿ ನೀರು ಎಲ್ಲಿಯ ತನಕ ಬಂದಿತ್ತಮ್ಮ?’ ಎಂದು ಕೇಳಬೇಕು. ಆಕೆ ಗೋಡೆಯ ಮೇಲಿನ ಸೊಂಟದೆತ್ತರದ ಕೆಸರಿನ ಕಲೆಯ ಮೇಲೆ ಕೈಯಿಡುತ್ತಾಳೆ. ಆ ಕಲೆಯ ಎತ್ತರವನ್ನು ಟೇಪಿನಿಂದಳೆದು ನಕ್ಷೆಯಲ್ಲಿ ಗುರುತಿಸಿದ ಮೇಲೆಯೇ ಆ ಮನೆಗಳ, ಆ ಹಳ್ಳದ ಭವಿಷ್ಯವನ್ನು ಕುರಿತು ಮಾತನಾಡಲು ಅಧಿಕಾರ ಬರುವುದು. ಇಂಥ ಅಭ್ಯಾಸವನ್ನು ಒಂದೆರಡು ದಿನಗಳ ಪ್ರವಾಸವಾಗಿ ಮುಗಿಸಿಬಿಡುವ ಕಾಲೇಜನ್ನು, ಅದರ ಕಟ್ಟಡ ಎಷ್ಟೇ ಭವ್ಯವಾಗಿರಲಿ, ಸೇರಬಾರದೆಂದೇ ನನ್ನ ಅಭಿಪ್ರಾಯ.

ಓದಿದರೆ ಕೆಲಸವಿಲ್ಲವೆಂಬ ಮಾತು ಇನ್ನೊಂದು. 2021ರಲ್ಲಿ ನೀತಿ ಆಯೋಗವು ಪ್ರಕಟಿಸಿದ ವರದಿಯ ಪ್ರಕಾರ ದೇಶದ 7,933 ಪಟ್ಟಣ ಪ್ರದೇಶಗಳಲ್ಲಿ ಸುಮಾರು 65%ಕ್ಕೆ ಮಾಸ್ಟರ್ ಪ್ಲಾನೇ ಇರಲಿಲ್ಲ. 12,000ಕ್ಕೂ ಹೆಚ್ಚು ಯೋಜಕರು ಬೇಕಾಗಿದ್ದಲ್ಲಿ ರಾಜ್ಯಗಳ ಇಲಾಖೆಗಳಲ್ಲಿ ಮಂಜೂರಾದ ಹುದ್ದೆಗಳು ಆಗ 4,000ಕ್ಕೂ ಕಡಿಮೆ, ಅವುಗಳಲ್ಲಿಯೂ 42% ಖಾಲಿಯಿದ್ದವು. ಕೆಲಸ ಬೇಕಾದಷ್ಟಿದೆ, ಹುದ್ದೆ ತುಂಬುವ ಮನಸ್ಸಿಲ್ಲ. ಹಲವು ರಾಜ್ಯಗಳಲ್ಲಿ ಈ ಹುದ್ದೆಗೆ ಯೋಜನಾ ಪದವಿ ಕಡ್ಡಾಯವೂ ಅಲ್ಲವೆಂಬುದು ನನಗೆ ಅತ್ಯಂತ ಅನ್ಯಾಯವೆಂದು ತೋರುತ್ತದೆ. ಆದುದರಿಂದ ಪದವಿ ಕೈಗೆ ಬಂದೊಡನೆ ಸರ್ಕಾರಿ ಕುರ್ಚಿ ಕಾದಿರುವುದೆಂದು ನಂಬುವುದೂ ಭ್ರಾಂತಿಯೇ. ಸಾರಿಗೆ, ವಸತಿ, ಪರಿಸರ, ಭೂಮಾಹಿತಿ ಮುಂತಾದ ಕ್ಷೇತ್ರಗಳ ಸಲಹಾ ಸಂಸ್ಥೆಗಳಲ್ಲಿ ಅನೇಕರು ವೃತ್ತಿ ಆರಂಭಿಸುತ್ತಾರೆ.

ಇನ್ನು, ಯೋಜಕರು ಗೆರೆ ಎಳೆದರೆ ಊರು ಹಾಗೆಯೇ ಬೆಳೆಯುವುದೆಂಬ ಕಲ್ಪನೆಯೂ ಸರಿಯಲ್ಲ. ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಂತೆ ಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಸಲಹೆಗಳನ್ನು ಕೇಳಬೇಕು, ಕೊನೆಯ ಅನುಮೋದನೆ ಸರ್ಕಾರದ್ದು. ಪ್ರಸ್ತಾವಿತ ರಸ್ತೆ ತನ್ನ ಬಾವಿಯ ಮೇಲೆಯೇ ಹಾಯುವುದೆಂದು ರೈತನೊಬ್ಬ ಪಹಣಿಯನ್ನು ಲಗತ್ತಿಸಿ ಕೊಟ್ಟ ಅರ್ಜಿಯನ್ನು ನಕ್ಷೆಯೊಡನೆ ಹೋಲಿಸಿ, ಸ್ಥಳಕ್ಕೆ ಹೋಗಿ ಅಳೆದು, ರಸ್ತೆಯನ್ನು ಕೆಲವು ಅಡಿ ಸರಿಸಬಹುದೇ ಎಂದು ಟಿಪ್ಪಣಿ ಬರೆದು ಯೋಜನಾ ಪ್ರಾಧಿಕಾರದ ಸಭೆಯ ಮುಂದಿಡುವುದು ಮಾತ್ರ ಯೋಜಕರ ಕೈಯಲ್ಲಿದೆ.